ಬೆಳಕು ಎಲ್ಲಿದೆ, ಮೊದಲು ನೋಡಿ



ನಮ್ಮತ್ತೆ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ನನ್ನ ಮೊಬೈಲಿನಲ್ಲಿ ಅವರದು ಹತ್ತಾರು ಇದ್ದವು. ನಡುಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂತು ಹೂ ಕಟ್ಟುವುದು ಅವರ ಅಭ್ಯಾಸ. ನಾನು ಎದುರಿಗೆ ನಿಂತು ತೆಗೆದದ್ದೇ ತೆಗೆದದ್ದು! ಕಿಟಕಿಯ ಸರಳು, ಹಿತ್ತಲಿನ ತೆಂಗಿನಮರ ಎಲ್ಲವೂ ಸ್ಪಷ್ಟ. ಅತ್ತೆಯ ಮುಖ ಮಾತ್ರ ಮಸಿ ಬಳಿದ ಹಾಗೆ. ಕೊನೆಗೆ ಮೈದುನನ ಮದುವೆಯ ಗುಂಪು ಫೋಟೋದಿಂದ ಮುಖ ಬಿಡಿಸಿ ದೊಡ್ಡದು ಮಾಡಿಸಿದೆವು. ಅವರೇ ಹೌದು, ಆದರೂ ಅವರ ಹಾಗಿಲ್ಲ.

ಫೋನಿನ ಮೇಲೆ ತಪ್ಪು ಹೊರಿಸಿದ್ದೆ. ಆಮೇಲೆ ತಿಳಿಯಿತು, ಹಿಂದಿನಿಂದ ಬೆಳಕು ಜೋರಾಗಿದ್ದರೆ ಕ್ಯಾಮರಾ ಅದನ್ನೇ ಲೆಕ್ಕಕ್ಕೆ ಹಿಡಿದು ಇಡೀ ಚಿತ್ರವನ್ನು ಮಬ್ಬು ಮಾಡಿಬಿಡುತ್ತದೆ ಅಂತ.

ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913–2012) ಸೀರೆಯುಟ್ಟು, ಭಾರದ ಕ್ಯಾಮರಾ ಹೊತ್ತು ದೆಹಲಿಯಲ್ಲಿ ಚಿತ್ರ ತೆಗೆದವರು. 2011ರಲ್ಲಿ ಪದ್ಮವಿಭೂಷಣ ಪಡೆದರು. ಅವರ ಕಾಲದಲ್ಲಿ ಫಿಲ್ಮ್ ತೊಳೆಯುವ ತನಕ ಚಿತ್ರ ಹೇಗೆ ಬಂದಿದೆ ಎಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಗುಂಡಿ ಒತ್ತುವ ಮೊದಲೇ ಬೆಳಕು ನೋಡಬೇಕಿತ್ತು. ನಮಗೂ ಅದೇ ಮೊದಲ ಪಾಠ.

ಕೂತವರನ್ನು ಕಿಟಕಿಯ ಕಡೆಗೆ, ಇಲ್ಲವೇ ಅರ್ಧ ಓರೆಯಾಗಿ ತಿರುಗಿಸಿ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳುವಾದ ಬಿಳಿ ಪರದೆ ಎಳೆಯಿರಿ, ಬೆಳಕು ಮೆತ್ತಗಾಗುತ್ತದೆ. ಅಂಗಳದಲ್ಲಾದರೆ ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು ಚೆನ್ನ. ನಡುಮಧ್ಯಾಹ್ನ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ. ಆಗ ಜಗಲಿಯ ನೆರಳಿಗೆ ಕರೆಯಿರಿ.

ಒಗ್ಗರಣೆಯ ಕೈಯಲ್ಲೇ ನಾವು ಫೋನು ಹಿಡಿಯುವವರು! ಲೆನ್ಸಿಗೆ ಜಿಡ್ಡು ಅಂಟಿದರೆ ಚಿತ್ರ ಮಂಜುಮಂಜು. ಮೆತ್ತನೆಯ ಹಳೇ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಪರದೆಯ ಮೇಲೆ ಮುಖ ಕಾಣುವಲ್ಲಿ ಬೆರಳಿನಿಂದ ಒಮ್ಮೆ ಮುಟ್ಟಿ. ಕ್ಯಾಮರಾ ಆ ಮುಖಕ್ಕೆ ತಕ್ಕಂತೆ ಬೆಳಕು ಹೊಂದಿಸಿಕೊಳ್ಳುತ್ತದೆ. ಬೆರಳಿನಿಂದ ಹಿಗ್ಗಿಸಿ ತೆಗೆದರೆ ಚಿತ್ರ ಒಡೆದಂತಾಗುತ್ತದೆ. ಅದರ ಬದಲು ನೀವೇ ಎರಡು ಹೆಜ್ಜೆ ಮುಂದೆ ಹೋಗಿ. ಮಕ್ಕಳದ್ದಾದರೆ ಕುಕ್ಕರಗಾಲಲ್ಲಿ ಕೂತು, ಅವರ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆಯಿರಿ.

ಈ ಹದಿನೈದು ದಿನಕ್ಕೆ ಒಂದು ಸಣ್ಣ ಅಭ್ಯಾಸ. ಮಕ್ಕಳ ಗೊಂಬೆಯೊಂದನ್ನು ಕಿಟಕಿಯ ಹತ್ತಿರ ಇಡಿ. ಬೆಳಕು ಅದರ ಹಿಂದಿನಿಂದ, ಪಕ್ಕದಿಂದ, ಮುಂದಿನಿಂದ ಬೀಳುವ ಹಾಗೆ ಮೂರು ಚಿತ್ರ ತೆಗೆದು ಹೋಲಿಸಿ. ಕಣ್ಣಿಗೆ ತಾನಾಗಿ ಪಾಠವಾಗುತ್ತದೆ.

ಇನ್ನೊಂದು ಮಾತು. ಮನೆಯವರೆಲ್ಲರ ಫೋಟೋ ತೆಗೆಯುವವಳು ತಾನೊಬ್ಬಳು ಎಲ್ಲೂ ಇರುವುದಿಲ್ಲ. ಇಷ್ಟನ್ನು ಮಗಳಿಗೋ ಮಗನಿಗೋ ಹೇಳಿಕೊಡಿ. ಆಮೇಲೆ, “ತಲೆ ಬಾಚಿಲ್ಲ, ಸೀರೆ ಚೆನ್ನಾಗಿಲ್ಲ” ಅನ್ನದೆ, ನೀವೂ ಒಮ್ಮೆ ಕಿಟಕಿಯ ಕಡೆ ಮುಖ ಮಾಡಿ ಕೂತುಕೊಳ್ಳಿ.