ಉಸಿರು ನಿಲ್ಲಿಸುವ ತೀರ್ಮಾನ ಯಾರದು?



ರಾತ್ರಿ ಪಂಪ್‌ಸೆಟ್ ಹಾಕಲು ಹೊರಟ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು ಅಂತಿಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ, ನಮ್ಮಲ್ಲಿ ಆಗಲ್ಲ, ಜಿಲ್ಲೆಗೆ ಹೋಗಿ ಅಂತಾರೆ. ಅಲ್ಲಿ ವೆಂಟಿಲೇಟರ್ ಖಾಲಿ ಇಲ್ಲ, ಖಾಸಗಿಗೆ ಹೋಗಿ ಅಂತಾರೆ. ಮೊದಲ ದಿನ ಎಮ್ಮೆ ಮಾರಿದ ದುಡ್ಡು ಹೋಗುತ್ತದೆ, ಮೂರನೇ ದಿನ ಹೆಂಡತಿಯ ಸರ, ಆರನೇ ದಿನ ಜಮೀನಿನ ಪತ್ರ. ಹತ್ತನೇ ದಿನ ಅಪ್ಪ ಒಂದು ಕಾಗದಕ್ಕೆ ಸಹಿ ಹಾಕುತ್ತಾನೆ. 'ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ ಕರೆದುಕೊಂಡು ಹೋಗುತ್ತಿದ್ದೇನೆ' ಅಂತ ಅದರಲ್ಲಿರುತ್ತದೆ.

ಸ್ವಂತ ಇಚ್ಛೆಯಂತೆ! ಯಾವ ಅಪ್ಪನಿಗೆ ಇಂಥ ಇಚ್ಛೆ ಇದ್ದೀತು? ಆ ಸಹಿ ಹಾಕಿಸಿದ್ದು ಸಾಲ. ಬೆಳೆಗೆ ಬೆಲೆ ಸಿಗದೆ ಬರಿದಾದ ಕೈ ಅದು.

ಕಾನೂನಿನ ದಾರಿ ಬೇರೆ ಇದೆ. ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯ ಕೆಲಸಗಾರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದ. ಮಿದುಳಿಗೆ ರಕ್ತ ಹರಿಯದೆ ಅವರು ಮೊದಲಿನಂತಾಗಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, 41 ವರ್ಷಕ್ಕೂ ಮೇಲೆ, ಅದೇ ಆಸ್ಪತ್ರೆಯ ದಾದಿಯರು ಮನೆಯವಳಂತೆ ನೋಡಿಕೊಂಡರು. ಅವರ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟು, ಚೇತರಿಕೆಯ ಆಸೆಯೇ ಇಲ್ಲದವರ ಚಿಕಿತ್ಸೆ ನಿಲ್ಲಿಸಲು ಹೈಕೋರ್ಟಿನ ಅನುಮತಿ ಬೇಕೆಂದಿತು. 2018ರಲ್ಲಿ ಘನತೆಯಿಂದ ಸಾಯುವುದೂ ಹಕ್ಕು ಎಂದಿತು. 2023ರಲ್ಲಿ ವಿಧಾನ ಸರಳವಾಯಿತು: ಆಸ್ಪತ್ರೆಯ ವೈದ್ಯರ ಒಂದು ಮಂಡಳಿ, ಅದರ ಮೇಲೆ ಎರಡನೇ ಮಂಡಳಿ, ಮನೆಯವರ ಒಪ್ಪಿಗೆ. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಕಾನೂನು ಒಳ್ಳೆಯದೇ. ಆದರೆ ಅದು ಯಾರಿಗೆ ದಕ್ಕುತ್ತದೆ? ದುಡ್ಡಿದ್ದವನಿಗೆ ಕಾಯಲು ಕಾಲವಿದೆ, ಕೇಳಲು ವಕೀಲನಿದ್ದಾನೆ, ಕೂರಿಸಲು ಮಂಡಳಿಯಿದೆ. ನಮಗೆ ಎರಡು ಮಂಡಳಿಯ ಕೆಲಸವನ್ನೂ ಆಸ್ಪತ್ರೆಯ ಬಿಲ್ಲೇ ಮಾಡಿಬಿಡುತ್ತದೆ.

ಒಂದು ಮಾತು ನೆನಪಿಡಿ. ಮಿದುಳು ಸಾವು ಬೇರೆ, ಎಚ್ಚರ ತಪ್ಪಿರುವುದು ಬೇರೆ. ಮೊದಲನೆಯದರಲ್ಲಿ ಹಿಂದಿರುಗುವ ದಾರಿಯಿಲ್ಲ. ಎರಡನೆಯದರಲ್ಲಿ ಮೊದಲ ದಿನಗಳಲ್ಲೇ ಖಚಿತವಾಗಿ ಹೇಳುವುದು ಕಷ್ಟ, ವಾರ, ತಿಂಗಳು ಕಳೆದು ಕಣ್ಣು ಬಿಟ್ಟವರಿದ್ದಾರೆ. ಕಾಯಬೇಕಾದ ಹೊತ್ತಿನಲ್ಲೇ ನಮ್ಮ ಕಾಸು ಮುಗಿದಿರುತ್ತದೆ.

ಇದರ ಇನ್ನೊಂದು ಮುಖವೂ ಉಂಟು. ಆಸೆಯೇ ಇಲ್ಲವೆಂದು ತಿಳಿದ ಮೇಲೂ, "ಊರವರು ಏನಂತಾರೋ" ಅಂತ ಹೆದರಿ ಎಕರೆಗಟ್ಟಲೆ ಮಾರಿದವರಿದ್ದಾರೆ. ಅಂಥ ಹೊತ್ತಿನಲ್ಲಿ ನೋವಿಲ್ಲದಂತೆ ಕಳಿಸಿಕೊಡುವುದು ಪಾಪವಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನಮಗೆ ತಿಳಿಯುವ ಕನ್ನಡದಲ್ಲಿ. ಬಡ್ಡಿ ಲೆಕ್ಕ ಹೇಳುವುದಲ್ಲ.

ಸರ್ಕಾರದ ನೆರವು ಇಲ್ಲವೇ? ಇದೆ. 2025ರ ಮೇ ತಿಂಗಳ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತಕ್ಕೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನ, ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ. ಏಳು ದಿನದಲ್ಲಿ ಒಡೆದ ತಲೆ ಕೂಡುತ್ತದೆಯೇನ್ರಿ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಪಹಣಿಯಲ್ಲಿ ಜಮೀನು ಕಂಡದ್ದಕ್ಕೆ ಬಿಪಿಎಲ್ ಕಳಕೊಂಡ ಒಣಭೂಮಿ ರೈತ ಉಳಿದ ಶೇ. 70 ಎಲ್ಲಿಂದ ತರಬೇಕು? ಕಾಗದದಲ್ಲಿ ಸಾಹುಕಾರ, ಕೌಂಟರಿನಲ್ಲಿ ಭಿಕಾರಿ!

ಹಾಗಾಗಿ ಕೇಳೋಣ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಾಕಷ್ಟು ವೆಂಟಿಲೇಟರ್ ಬೇಕು, ತಲೆ ಪೆಟ್ಟು ನೋಡುವ ವೈದ್ಯರು ಬೇಕು. ಎರಡನೇ ಮಂಡಳಿ ಸಣ್ಣ ಆಸ್ಪತ್ರೆಗೂ ಸಿಗಬೇಕು, ಬಿಟ್ಟಿಯಾಗಿ. ವಾಪಸು ಮನೆಗೆ ತಂದವರಿಗೆ ನೋವು ತಗ್ಗಿಸುವ ಮದ್ದು, ನೋಡಿಕೊಳ್ಳುವ ದಾದಿ ತಾಲ್ಲೂಕಿನಲ್ಲೇ ಇರಬೇಕು. ನೆರವಿನ ಲೆಕ್ಕ ಪಹಣಿ ನೋಡಿ ಆಗಬಾರದು, ಕೈಗೆ ಬಂದ ಆದಾಯ ನೋಡಿ ಆಗಲಿ.

ನಾವೂ ಮಾಡಬೇಕಾದ್ದಿದೆ. ನನಗೆ ಹಾಗಾದರೆ ಏನು ಮಾಡಬೇಕೆಂದು ಮನೆಯಲ್ಲಿ ಈಗಲೇ ಹೇಳಿಡಿ. ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಪಡೆದರೆ ಕಾನೂನು ಅದನ್ನು ಮಾನ್ಯ ಮಾಡುತ್ತದೆ. ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟಾಗ ಓದಿಸದೆ ಸಹಿ ಹಾಕಬೇಡಿ. "ಮಂಡಳಿ ಏನು ಹೇಳಿತು?" ಅಂತ ಕೇಳಿ.

ನಮ್ಮ ರಾಗಿ, ಟೊಮ್ಯಾಟೊಗೆ ಬೇರೆಯವರು ಬೆಲೆ ಕಟ್ಟುವುದನ್ನು ಇಷ್ಟು ದಿನ ನೋಡಿದೆವು. ಮಕ್ಕಳ ಉಸಿರಿಗೂ ಅವರೇ ಬೆಲೆ ಕಟ್ಟುವುದನ್ನು ಸುಮ್ಮನೆ ನೋಡುತ್ತಾ ಕೂರೋಣವೇ?