ಅಂತರ್ಜಾಲವೂ ವಾಚನಾಲಯವೂ

ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ದೂರವನ್ನು ಕ್ರಮಿಸುತ್ತದೆ. ತಂತುವಿನ ಅಂಚನ್ನು ಓರೆಯಾಗಿ ತಾಕಿದಾಗಲೆಲ್ಲ ಅದು ಸಂಪೂರ್ಣವಾಗಿ ಒಳಕ್ಕೇ ಪ್ರತಿಫಲಿಸುವುದರಿಂದ ಹೊರಗೆ ಸೋರಿಹೋಗುವುದಿಲ್ಲ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರದ ಬೀದರನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಸಾವಿರದ 4 ಭಾಗದಷ್ಟು ಕಾಲವೂ ಬೇಡ. ಆದರೆ ಪಂಚಾಯತಿ ಕಟ್ಟಡದವರೆಗೆ ಬಂದ ಆ ಬೆಳಕು ಅಲ್ಲಿಂದ ನೂರು ಗಜ ದೂರದ ವಿದ್ಯಾರ್ಥಿಯನ್ನು ತಲುಪಲು ವರ್ಷಗಳೇ ಹಿಡಿಯಬಹುದು. ಈ ವಿಳಂಬವನ್ನು ನಿಸರ್ಗನಿಯಮದ ಮೇಲೆ ಹೊರಿಸುವಂತಿಲ್ಲ.

ಗ್ರಾಮ ಪಂಚಾಯತಿಗಳಿಗೆ ಇಂತಹ ತಂತುಗಳನ್ನು ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆಯಿತ್ತಿತು. ಭಾರತ್‌ನೆಟ್ ಎಂಬುದು ಅದರ ಈಗಿನ ಹೆಸರು. ಆದರೂ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಅಂತರ್ಜಾಲ ಸೌಲಭ್ಯವಿದ್ದವು ಶೇಕಡಾ 15ಕ್ಕಿಂತ ಕಡಿಮೆ. ಕಂಪ್ಯೂಟರು ಇದ್ದವು ಶೇಕಡಾ 5ಕ್ಕಿಂತ ಕಡಿಮೆ. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಈ ಕೊರತೆಯ ಫಲವನ್ನು ಉಂಡವರು ಬಡ ಮಕ್ಕಳು.

ಈಗ ಎಲ್ಲೆಡೆಯೂ ಮೊಬೈಲು ಬಂದಿರುವಾಗ ವಾಚನಾಲಯವೇಕೆ ಎಂದು ಕೆಲವರು ಕೇಳಬಹುದು. ಮನೆಗೆಲ್ಲ ಇರುವ ಒಂದೇ ಫೋನು ತಂದೆಯೊಡನೆ ಹೊಲಕ್ಕೆ ಹೋದರೆ ಮಗಳ ಪಾಠ ಸಂಜೆಯವರೆಗೆ ಕಾಯಬೇಕು. ಅಂಗೈಯಗಲದ ಪರದೆಯಲ್ಲಿ ಪಾಠವನ್ನು ಕೇಳಬಹುದು; ಪ್ರಬಂಧ ಬರೆಯುವುದೂ ವಿದ್ಯಾರ್ಥಿವೇತನದ ಅರ್ಜಿ ತುಂಬುವುದೂ ಕಷ್ಟ. ಅದಕ್ಕಿಂತ ಮಿಗಿಲಾಗಿ, ಪರದೆಯ ಮೇಲೆ ಕಂಡುದರಲ್ಲಿ ನಿಜವಾವುದು, ಸುಳ್ಳಾವುದು ಎಂದು ಕೇಳಿ ತಿಳಿಯಲು ಹತ್ತಿರದಲ್ಲಿ ಗ್ರಂಥಪಾಲಕರೋ ಉಪಾಧ್ಯಾಯರೋ ಇರಬೇಕು.

ಈ ತತ್ತ್ವ ನಮ್ಮ ನಾಡಿಗೆ ಹೊಸದೇನೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಿಧಿಸಿ, ಪುಸ್ತಕ ಕೊಳ್ಳಲಾರದವರಿಗೂ ಓದಿನ ಬಾಗಿಲನ್ನು ತೆರೆಯಿತು. ಅಂದು ಪುಸ್ತಕಕ್ಕೆ ಒಪ್ಪಿದ ನ್ಯಾಯ ಇಂದು ಅಂತರ್ಜಾಲಕ್ಕೂ ಒಪ್ಪಬೇಕು. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ; ಹಲವೆಡೆ ಕಂಪ್ಯೂಟರುಗಳೂ ಬಂದಿವೆ. ನಾವು ಕೇಳುವುದು ಇಷ್ಟೇ: ಶಾಲೆ ಬಿಟ್ಟ ಮೇಲೂ ರಜಾ ದಿನಗಳಲ್ಲೂ ಅವು ತೆರೆದಿರಲಿ, ಶಾಲೆಯ ಕಂಪ್ಯೂಟರು ಕೊಠಡಿ ಸಂಜೆಯ ಹೊತ್ತು ಊರವರಿಗೂ ದೊರೆಯಲಿ, ಯಂತ್ರ ಕೊಳ್ಳುವ ಹಣದೊಡನೆ ಅದರ ದುರಸ್ತಿಗೂ, ನೋಡಿಕೊಳ್ಳುವವರ ಸಂಬಳಕ್ಕೂ ಹಣ ತೆಗೆದಿರಿಸಲಿ. ಕೆಟ್ಟ ಯಂತ್ರವೂ ಬೀಗ ಬಿದ್ದ ಬಾಗಿಲೂ ಲೆಕ್ಕಪತ್ರದಲ್ಲಿ ಸೌಲಭ್ಯಗಳೆಂದೇ ನಮೂದಾಗಿ ಉಳಿಯುತ್ತವೆ.

ತರುಣ ವಾಚಕರು ಇದನ್ನು ಹಿರಿಯರ ಪಾಲಿಗೆ ಬಿಟ್ಟು ಕೂರಬಾರದು. ನಿಮ್ಮೂರಿನ ಅರಿವು ಕೇಂದ್ರ ಎಷ್ಟು ಹೊತ್ತು ತೆರೆದಿರುತ್ತದೆ, ಎಷ್ಟು ಯಂತ್ರಗಳು ನಡೆಯುತ್ತಿವೆ ಎಂದು ನೋಡಿ ಬರೆದಿಡಿರಿ. ಮಕ್ಕಳ ಗ್ರಾಮಸಭೆ ಸೇರಿದಾಗ ಆ ಲೆಕ್ಕವನ್ನು ಮುಂದಿಟ್ಟು ಉತ್ತರ ಕೇಳಿರಿ.