ತಣ್ಣಗಿರುವ ಕುಲುಮೆಗಳು

ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನನಗೆ ಸಂತೋಷದೊಡನೆ ಸಣ್ಣ ಕಸಿವಿಸಿಯೂ ಆಗುತ್ತದೆ. 1979ರಲ್ಲಿ ಆರಂಭವಾದ ಆ ಅಂಗಳದಲ್ಲಿ ಉಗಿ ಎಂಜಿನುಗಳು ಬಣ್ಣ ಬಳಿಸಿಕೊಂಡು ಚೆಂದವಾಗಿ ನಿಂತಿವೆ. ಕುಲುಮೆ ಮಾತ್ರ ತಣ್ಣಗಿದೆ. ಕಬ್ಬಿಣವನ್ನೇನೋ ಉಳಿಸಿಕೊಂಡೆವು, ಅದನ್ನು ನಡೆಸುವ ವಿದ್ಯೆಯನ್ನು?

ಈ ಪ್ರಶ್ನೆಯನ್ನು ಮೊದಲು ಕೈಯಾರೆ ಎದುರಿಸಿದವರು ವೇಲ್ಸ್‌ನ ಟಾಲಿಲಿನ್ ರೈಲ್ವೆಯ ಸ್ವಯಂಸೇವಕರು. ಸ್ಲೇಟುಕಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಕಿರುಹಳಿ ಅದು. 1946ರಲ್ಲಿ ಗಣಿ ಮುಚ್ಚಿತು. ತಾನು ಬದುಕಿರುವವರೆಗೆ ರೈಲು ನಿಲ್ಲದೆಂದು ಮಾತು ಕೊಟ್ಟಿದ್ದ ಒಡೆಯ ಸರ್ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡರು. ಆ ಅಕ್ಟೋಬರಿನಲ್ಲಿ ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಕರೆದರು. 1951ರ ಮೇ ತಿಂಗಳಲ್ಲಿ ರೈಲು ಮತ್ತೆ ಹೊರಟಿತು. ಓಡುವ ಸ್ಥಿತಿಯಲ್ಲಿದ್ದುದು 1866ರ ‘ಡೋಲ್‌ಗೋಚ್’ ಒಂದೇ. ಹಳಿಗಳನ್ನು ಹಿಡಿದಿಟ್ಟಿದ್ದುದು ಬಹುಮಟ್ಟಿಗೆ ಹುಲ್ಲಿನ ಬೇರು! ಥಾಮಸ್ ಎಂಜಿನಿನ ಕತೆಗಳ ಪಾದ್ರಿ ಆಡ್ರಿ ಅಲ್ಲಿ ಗಾರ್ಡ್ ಆಗಿದ್ದಾಗ, ಉಪಾಹಾರದ ಮಹಿಳೆಯನ್ನು ನಿಲ್ದಾಣದಲ್ಲೇ ಬಿಟ್ಟು ರೈಲು ಹೊರಡಿಸಿ, ಆ ಪೇಚನ್ನೇ ಕತೆಯಾಗಿಸಿದರು.

ಇಂದು ಅಲ್ಲಿ ಸಂಬಳದ ನೌಕರರೂ ಇದ್ದಾರೆ. ಆದರೂ ಎಂಜಿನ್ ಒರೆಸುವುದರಿಂದ ಆರಂಭಿಸಿ, ಕಲ್ಲಿದ್ದಲು ತುಂಬುವುದನ್ನು ಕಲಿತು, ಕೆಲವು ವರ್ಷಗಳ ಬಳಿಕ ಚಾಲಕರಾಗುವ ಹವ್ಯಾಸಿಗಳೇ ಅದರ ಜೀವಾಳ. ತಣ್ಣನೆಯ ಬಾಯ್ಲರನ್ನು ಅವಸರದಿಂದ ಕಾಯಿಸುವಂತಿಲ್ಲ. ತಗಡುಗಳು ಅಸಮವಾಗಿ ಹಿಗ್ಗುತ್ತವೆ. ಕುಲುಮೆಯ ನೆತ್ತಿಗಿಂತ ನೀರು ಕೆಳಗಿಳಿದರೆ ಅನಾಹುತ. ಬೆಂಕಿಯ ಬಣ್ಣವನ್ನೂ ಉಗಿಯ ಸದ್ದನ್ನೂ ಓದುವ ಈ ತಿಳಿವಳಿಕೆ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವಂಥದ್ದಲ್ಲ.

ನಮ್ಮಲ್ಲಿ ಉಗಿಯೇ ಇಲ್ಲವೆಂದಲ್ಲ. 1855ರ ‘ಫೇರಿ ಕ್ವೀನ್’ 1997ರಲ್ಲಿ ಮತ್ತೆ ಓಡಿತು. ರೇವಾರಿಯ ಶೆಡ್ಡು, ನೀಲಗಿರಿ, ಡಾರ್ಜಿಲಿಂಗ್‌ಗಳಲ್ಲಿ ರೈಲ್ವೆ ಇಲಾಖೆಯೇ ಆಸ್ಥೆಯಿಂದ ಈ ಪರಂಪರೆ ಕಾದಿದೆ. ನನ್ನ ತಕರಾರು, ಅಲ್ಲಿ ನಾಗರಿಕ ಕೇವಲ ಟಿಕೆಟ್ ಕೊಳ್ಳುವ ಪ್ರೇಕ್ಷಕ ಎಂಬುದು. ಸುರಕ್ಷತೆಯ ಆಕ್ಷೇಪ ಸಹಜ. ಕಲ್ಲಿದ್ದಲಿನ ಹೊಗೆಯದೂ ನಿಜ. 2023ರಲ್ಲಿ ವೇಲ್ಸ್‌ನ ಫೋಸ್-ಇ-ಫ್ರಾನ್ ಗಣಿ ಮುಚ್ಚಿದ್ದರಿಂದ ಬ್ರಿಟನ್ನಿನ ಇಂಥ ರೈಲುಗಳೂ ಇಂಧನಕ್ಕೆ ಪರದಾಡಿವೆ. ಆದರೆ ಒಂದು ಎಂಜಿನ್, ಅರ್ಧ ಮೈಲಿ ಹಳಿ, ಭಾನುವಾರವೊಂದರ ಬೆಂಕಿ, ಪರೀಕ್ಷೆ ಪಾಸಾದ ಸ್ವಯಂಸೇವಕರು: ಮೈಸೂರಿನಲ್ಲಿ ಇಷ್ಟನ್ನು ಕೇಳುವುದು ದುರಾಸೆಯಲ್ಲ.

ಭಾರತದ ಬ್ರಾಡ್‌ಗೇಜ್ ಹಳಿಗಳಲ್ಲಿ ಉಗಿಯ ನಿತ್ಯಸೇವೆ ನಿಂತದ್ದು 1995ರಲ್ಲಿ. ಅಂದು ಮೂವತ್ತರ ಹರೆಯದಲ್ಲಿ ಸಲಿಕೆ ಹಿಡಿದಿದ್ದ ಫೈರ್‌ಮನ್‌ಗೆ ಈಗ ಅರವತ್ತು ದಾಟಿದೆ. ಕಲಿಸಲು ಆತ ಇನ್ನೂ ಇದ್ದಾನೆ.